ಆಟದೊಳಗಿನ ಧರ್ಮಸಂಕಟ

ಕಳೆದ ಮಾಘಮಾಸದಲ್ಲಿ ಒಂದು ವಿವಾಹದ ನಿಮಿತ್ತ ನಾವು ಹನಕೆರೆಗೆ ಹೋಗಬೇಕಾಯಿತು. ಮದ್ದೂರಿಗೂ ಮಂಡ್ಯಕ್ಕೂ ನಡುವೆ ರೈಲುದಾರಿಯ ಮಗ್ಗುಲಲ್ಲಿರುವ ಈ ಗ್ರಾಮವನ್ನು ನಮ್ಮ ವಾಚಕರಲ್ಲಿ ಅನೇಕರು ಗಾಡಿಯ ಕಿಟಕಿಯಿಂದಲಾದರೂ ನೋಡಿಯೇ ಇರುವರು. ನಾವು ಇಳಿದುಕೊಂಡಿದ್ದ ಮನೆಯಲ್ಲಿ ಹದಿನೆಂಟು ತುಂಬಿದ ಒಬ್ಬ ಹುಡುಗನಿದ್ದಾನೆ. ಮಂಡ್ಯದ ಕಾಲೇಜಿಗೆ ಹೋಗಿಬರುವವನು, ಮಾತು ಕಡಮೆ, ನಡತೆಯಲ್ಲಿ ಕುಂದಿಲ್ಲ. ಚಪ್ಪರದ ರಾತ್ರಿ ಎಲ್ಲರೂ ಊಟಕ್ಕೆ ಕುಳಿತರೂ ಅವನು ಬರಲಿಲ್ಲ. ಹುಡುಕಿಕೊಂಡು ಹೋಗಿ ನೋಡಿದರೆ, ಹಿತ್ತಲ ಜಗಲಿಯಲ್ಲಿ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕಣ್ಣೊರಸಿಕೊಳ್ಳುತ್ತಿದ್ದನು. ಕಾರಣವೇನೆಂದು ತಂದೆ ಗದರಿಸಿ ಕೇಳಲು, ಬಹಳ ಸಂಕೋಚಪಟ್ಟು, “ಒಬ್ಬ ಮುದುಕನ ಮನೆಯಿಂದ ಔಷಧ ಕದ್ದುಬಿಟ್ಟೆ” ಎಂದನು.

ಮನೆಯವರ ಎದೆ ಒಡೆದಂತಾಯಿತು. ಯಾರ ಮನೆ, ಯಾವ ಮುದುಕ ಎಂದು ವಿಚಾರಿಸಿದ ಮೇಲೆ ತಿಳಿದುದೇನೆಂದರೆ, ಆ ಮುದುಕನಾಗಲಿ ಆ ಮನೆಯಾಗಲಿ ಈ ಲೋಕದಲ್ಲಿಲ್ಲ. ಎಲ್ಲವೂ ಮೊಬೈಲಿನೊಳಗಿನ ಒಂದು ಆಟದ ಸಂಗತಿ. ಗಾಬರಿ ಹೋಗಿ ನಗು ಬಂತು, ನಗು ಹೋಗಿ ಕೋಪ ಬಂತು. ಆಟಕ್ಕೆ ಅಳುವ ಗಂಡಸು ಉಂಟೆ ಎಂದು ತಂದೆ ಮೂದಲಿಸಿದರು. ಆಮೇಲೆ ನಮ್ಮ ಅಭಿಪ್ರಾಯವನ್ನು ಕೇಳಿದರು. ಪತ್ರಿಕೆ ನಡೆಸುವವರ ಮಾತಿಗೆ ಹಳ್ಳಿಗಳಲ್ಲಿ ಇನ್ನೂ ಸ್ವಲ್ಪ ಬೆಲೆಯುಂಟು. ನಾವು ಹಿಂದುಮುಂದು ಯೋಚಿಸದೆ, “ಒಂದು ತಿಂಗಳು ಆ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ” ಎಂದೆವು. ಹುಡುಗನು ಎದುರಾಡದೆ ಯಂತ್ರವನ್ನು ಕೊಟ್ಟುಬಿಟ್ಟನು. ಕೊಡುವಾಗ ಆಡಿದ ಮಾತೊಂದು ಮಾತ್ರ ನಮಗೆ ಆ ರಾತ್ರಿ ನಿದ್ರೆ ಬಾರದಂತೆ ಮಾಡಿತು: “ಎರಡು ವರ್ಷ ದಿನಾ ಗುಂಡು ಹೊಡೆದು ಎಷ್ಟು ಜನರನ್ನು ಕೊಂದೆನೋ ಲೆಕ್ಕವಿಲ್ಲ. ಆಗ ಯಾರೂ ಕಿತ್ತುಕೊಳ್ಳಲಿಲ್ಲವಲ್ಲ.”

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿನ ಲೇಖನವು ಆ ಉತ್ತರವನ್ನು ಹುಡುಕುವ ಪ್ರಯತ್ನ.

ಹುಡುಗನು ಹೇಳಿದ ಗುಂಡಿನ ಆಟವು ಯಾವುದೆಂದು ವಾಚಕರಿಗೆ ವಿವರಿಸಬೇಕಾಗಿಲ್ಲ. ಪಬ್‌ಜಿ ಎಂಬ ಹೆಸರು ನಮ್ಮ ಹಳ್ಳಿಗಳ ಅಜ್ಜಿಯರಿಗೂ ಗೊತ್ತು. 2020ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವು ಅದನ್ನೂ ಸೇರಿಸಿ 118 ಆ್ಯಪುಗಳನ್ನು ನಿಷೇಧಿಸಿತು. ದೇಶದ ಭದ್ರತೆಗೆ ಅಪಾಯವೆಂಬುದು ಕೊಟ್ಟ ಕಾರಣ. 2021ರಲ್ಲಿ ಅದೇ ಆಟವು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೊಸ ಹೆಸರನ್ನು ತೊಟ್ಟು ಬಂದಿತು. ಬರುವಾಗ ಆದ ಸುಧಾರಣೆಗಳನ್ನು ನೋಡಿರಿ: ಗುಂಡು ತಗುಲಿದವನ ರಕ್ತದ ಬಣ್ಣ ಹಸುರಾಯಿತು; ‘ಕೊಂದೆ’ ಎಂಬಲ್ಲಿ ‘ಮುಗಿಸಿದೆ’ ಎಂಬರ್ಥದ ಮಾತು ಬಂತು; ಹದಿನೆಂಟರೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಏರ್ಪಟ್ಟಿತು. ಕೊಲ್ಲುವುದು ಮಾತ್ರ ಹಾಗೆಯೇ ಉಳಿಯಿತು. ರಕ್ತದ ಬಣ್ಣವನ್ನು ಬದಲಿಸಿ ನೀತಿಯನ್ನು ಉದ್ಧರಿಸಿದೆವೆಂದು ದೊಡ್ಡವರೆಲ್ಲ ಸಮಾಧಾನಪಟ್ಟರು. ಆ ಆಟದಲ್ಲಿ ನೂರು ಜನ ಇಳಿಯುತ್ತಾರೆ. ಕೊನೆಗೆ ಉಳಿದವನು ಗೆದ್ದವನು. ಸತ್ತವರಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಮುಖವೇ ಇಲ್ಲ. ಹುಡುಗನು ಕೊಂದು ನಕ್ಕಾಗ ಮನೆಯವರು ಸುಮ್ಮನಿದ್ದರು. ಕದ್ದು ಅತ್ತಾಗ ವೈದ್ಯರನ್ನು ಕರೆಯುವ ಮಾತೆದ್ದಿತು. ಈ ಎರಡರಲ್ಲಿ ಯಾವುದು ರೋಗ, ಯಾವುದು ಆರೋಗ್ಯ?

ಮರುದಿನ ಬೆಳಗ್ಗೆ ನಾವು ಹುಡುಗನನ್ನು ಕರೆದು, ಆ ಕಳವಿನ ಆಟವನ್ನು ನಮಗೂ ತೋರಿಸೆಂದು ಕೇಳಿದೆವು. ಅದರ ಹೆಸರು ‘ದಿಸ್ ವಾರ್ ಆಫ್ ಮೈನ್’. ಪೋಲೆಂಡ್ ದೇಶದ ವಾರ್ಸಾ ನಗರದ ಒಂದು ಸಂಸ್ಥೆಯವರು 2014ರಲ್ಲಿ ಹೊರತಂದದ್ದು. ಯುದ್ಧದ ಆಟವೇ; ಆದರೆ ಇದರಲ್ಲಿ ಆಡುವವನು ಸೈನಿಕನಲ್ಲ, ಮುತ್ತಿಗೆಗೆ ಸಿಕ್ಕಿದ ಊರಿನ ಸಾಮಾನ್ಯ ಪ್ರಜೆ. ಊರಿನ ಹೆಸರು ಕಲ್ಪಿತ; ಆದರೆ ಅದರ ಹಿಂದೆ 1992ರಿಂದ 1996ರವರೆಗೆ ಬೋಸ್ನಿಯಾ ದೇಶದ ಸರಾಯೆವೋ ನಗರವು ಅನುಭವಿಸಿದ ನಿಜವಾದ ಮುತ್ತಿಗೆಯಿದೆ. ಕುಸಿದ ಮನೆಯೊಂದರಲ್ಲಿ ಮೂರು ನಾಲ್ಕು ಜನ. ಹಗಲು ಒಲೆ ಹೂಡುವುದು, ಬಾಗಿಲು ಭದ್ರಪಡಿಸುವುದು, ರೋಗಿಯನ್ನು ನೋಡಿಕೊಳ್ಳುವುದು. ರಾತ್ರಿ ಒಬ್ಬನು ಹೊರಬಿದ್ದು ಅನ್ನವನ್ನೋ ಔಷಧವನ್ನೋ ಸೌದೆಯನ್ನೋ ಹುಡುಕಿ ತರಬೇಕು. ಹಾಗೆ ಹೋಗಬಹುದಾದ ಮನೆಗಳಲ್ಲಿ ಒಂದು, ವೃದ್ಧ ದಂಪತಿಗಳಿರುವ ಮನೆ. ಅವರ ಹತ್ತಿರ ಆಯುಧವಿಲ್ಲ. ಅಲ್ಲಿ ಆಹಾರವಿದೆ, ಔಷಧವಿದೆ. ತಡೆಯುವವರಿಲ್ಲ. ತೆಗೆದುಕೊಳ್ಳಬೇಡವೆಂದು ಮುದುಕನು ಬೇಡಿಕೊಳ್ಳುತ್ತಾನೆ, ಅಷ್ಟೆ.

ನಾವು ಐವತ್ತು ದಾಟಿದವರು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕುಳಿತು ಧರ್ಮಲಕ್ಷಣಗಳನ್ನು ಬಾಯಿಪಾಠ ಮಾಡಿದವರು. ಪ್ರತಿದಿನ ಈ ಪುಟದಲ್ಲಿ ಇತರರಿಗೆ ಧರ್ಮವನ್ನು ಹೇಳುವವರು. ಮನೆಯೊಳಗೆ ಜ್ವರದಿಂದ ಮಲಗಿದವನಿದ್ದನು. ಹುಡುಗನು ಬಾಯಿಬಿಡದೆ ನಮ್ಮನ್ನೇ ನೋಡುತ್ತಿದ್ದನು. ಹತ್ತು ನಿಮಿಷ ತಡೆದು, ನಾವೂ ಆ ಔಷಧವನ್ನು ತೆಗೆದುಕೊಂಡೆವು. ತೆಗೆದುಕೊಂಡ ಕೂಡಲೇ ನಮ್ಮ ಬಾಯಿಂದ ಬಂದ ಮಾತು: “ಬೇರೆ ದಾರಿಯಿರಲಿಲ್ಲ.” ಈ ಮಾತನ್ನು ನಾವು ಎಲ್ಲಿ ಕೇಳಿರಲಿಲ್ಲ! ಪಂಚಾಯತಿಯ ಕಟ್ಟೆಯ ಮೇಲೆ, ಕಚೇರಿಯ ಮೇಜಿನ ಹಿಂದೆ, ಚುನಾವಣೆಯ ಮರುದಿನ, ತಪ್ಪು ಮಾಡಿದ ಪ್ರತಿಯೊಬ್ಬನೂ ಹೇಳುವುದು ಇದನ್ನೇ. ಅದನ್ನು ಖಂಡಿಸಿ ಎಷ್ಟೋ ಅಗ್ರಲೇಖನಗಳನ್ನು ಬರೆದ ನಮ್ಮ ನಾಲಗೆಗೂ ಅದು ಅಷ್ಟು ಸುಲಭವಾಗಿ ಬಂದುದನ್ನು ಕಂಡು ನಾಚಿದೆವು. ಆಟವಾದರೋ ನಮ್ಮನ್ನು ಬೈಯಲಿಲ್ಲ, ಅಂಕವನ್ನು ಕಳೆಯಲಿಲ್ಲ. ಕದ್ದು ತಂದವನು ಮನೆಗೆ ಬಂದು ಖಿನ್ನನಾಗಿ ಕುಳಿತುಬಿಟ್ಟನು. ಜೊತೆಯವರ ಮುಖವೂ ಬಾಡಿತು. ಆ ಖಿನ್ನತೆ ಬೆಳೆದರೆ ಅಂಥವನು ಕೆಲಸಕ್ಕೇಳಲಾರದಂತೆ ಮುರಿದುಬೀಳಬಹುದೆಂದು ಹುಡುಗನು ತಿಳಿಸಿದನು. ಒಳ್ಳೆಯ ಊಟಕ್ಕಿಂತ ಒಳ್ಳೆಯ ಮನಸ್ಸು ಬದುಕಿಗೆ ಹೆಚ್ಚು ಬೇಕೆಂಬುದನ್ನು ಇದಕ್ಕಿಂತ ಸರಳವಾಗಿ ಬೋಧಿಸುವುದು ಕಷ್ಟ.

ಇದೆಲ್ಲ ಪಾಶ್ಚಾತ್ಯರ ಹೊಸ ಚಮತ್ಕಾರವೆಂದು ಮೂಗು ಮುರಿಯುವವರಿಗೆ ಮಹಾಭಾರತದ ಶಾಂತಿಪರ್ವವನ್ನು ಜ್ಞಾಪಿಸುತ್ತೇವೆ. ಆಪದ್ಧರ್ಮವನ್ನು ಹೇಳುವ ಭಾಗದಲ್ಲಿ, ಹನ್ನೆರಡು ವರ್ಷದ ಕ್ಷಾಮದಿಂದ ಕಂಗೆಟ್ಟ ವಿಶ್ವಾಮಿತ್ರ ಮಹರ್ಷಿಯು ಊರ ಹೊರಗಿನ ಬಡವನೊಬ್ಬನ ಗುಡಿಸಲಿಗೆ ರಾತ್ರಿ ನುಗ್ಗಿ ನಾಯಿಯ ಮಾಂಸವನ್ನು ಕದಿಯಲು ಹೋಗುತ್ತಾನೆ. ಎಚ್ಚೆತ್ತ ಮನೆಯೊಡೆಯನು ಮಹರ್ಷಿಗೇ ಧರ್ಮವನ್ನು ಬೋಧಿಸಿ, ಬೇಡವೆಂದು ತಡೆಯುತ್ತಾನೆ. ಜಗತ್ತು ಹೀನನೆಂದವನ ಬಾಯಲ್ಲಿ ಧರ್ಮ, ಜಗದ್ವಂದ್ಯನ ಕೈಯಲ್ಲಿ ಕಳವು! ವ್ಯಾಸರು ಇದನ್ನು ಮುಚ್ಚಿಡಲಿಲ್ಲ. ಸಂಕಟದಲ್ಲಿ ಸಿಕ್ಕದೆ ಧರ್ಮವು ತಿಳಿಯದೆಂಬುದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು.

ಕಥೆಗಾಗಿ ಅಳುವುದೂ ನಮಗೆ ಹೊಸತಲ್ಲ. ಪುಣ್ಯಕೋಟಿಯು ಕರುವನ್ನು ಬಿಟ್ಟು ಹುಲಿಯ ಗುಹೆಗೆ ಮರಳಿದುದನ್ನು ಕೇಳಿ ಅಳದ ಕನ್ನಡ ಮಗುವುಂಟೆ? ಆ ಕಣ್ಣೀರನ್ನು ರೋಗವೆಂದು ಯಾವ ತಾಯಿಯೂ ಎಣಿಸಲಿಲ್ಲ. ಗಾಂಧೀಜಿಯವರು ಬಾಲಕರಾಗಿದ್ದಾಗ ಹರಿಶ್ಚಂದ್ರ ನಾಟಕವನ್ನು ನೋಡಿ, ಅದರ ಗುಂಗಿನಿಂದ ಬಿಡಿಸಿಕೊಳ್ಳಲಾರದೆ, ಮನಸ್ಸಿನಲ್ಲಿಯೇ ಎಷ್ಟೋ ಸಲ ತಾವೇ ಹರಿಶ್ಚಂದ್ರರಾಗಿ ಆಡಿಕೊಂಡು ಅತ್ತುದನ್ನು ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಆ ಬಾಲಕನನ್ನು ನಾಟಕ ನೋಡಿ ಕೆಟ್ಟನೆಂದು ಯಾರಾದರೂ ಕೋಣೆಯಲ್ಲಿ ಕೂಡಿಹಾಕಿದ್ದರೆ ದೇಶದ ಚರಿತ್ರೆ ಏನಾಗುತ್ತಿತ್ತು? ನಾಟಕವನ್ನು ನೋಡಿದ ಗಾಂಧೀಜಿಯವರು ತಮ್ಮ ಮನಸ್ಸಿನಲ್ಲಿ ಮಾಡಿಕೊಂಡುದನ್ನೇ ಈ ಹೊಸ ಆಟವು ಹುಡುಗನ ಕೈಯಿಂದ ಮಾಡಿಸುತ್ತದೆ. ರಂಗದ ಮೇಲೆ ಸಂಕಟ ಪಡುವವನು ಹರಿಶ್ಚಂದ್ರ, ನೋಡುವವರು ನಾವು; ಇಲ್ಲಿ ಸಂಕಟವೂ ನಮ್ಮದೇ, ಮಾಡಿದ ಕೈಯೂ ನಮ್ಮದೇ. ಆದುದರಿಂದಲೇ ಆ ದುಃಖವು ಪರದೆ ಆರಿದ ಮೇಲೂ ಆರುವುದಿಲ್ಲ.

ನಮ್ಮ ಹಳೆಯ ಆಟಗಳೂ ನೀತಿಯನ್ನು ಬಿಟ್ಟವಲ್ಲ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಹಿರಿಯರು ಆಡುತ್ತಿದ್ದ ಪರಮಪದ ಸೋಪಾನಪಟವನ್ನು ನೆನೆಯಿರಿ. ಪುಣ್ಯದ ಮನೆಗೆ ಬಂದವನಿಗೆ ಏಣಿ, ಪಾಪದ ಮನೆಗೆ ಬಂದವನಿಗೆ ಹಾವು. ಇಂಥ ಪಟದಾಟಗಳನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅಕ್ಕರೆಯಿಂದ ಪೋಷಿಸಿದರು; ತಾವೇ ಹೊಸ ಆಟಗಳನ್ನು ರಚಿಸಿದರು; ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಭಾಗವೇ ಆಟಗಳಿಗೆ ಮೀಸಲಾಯಿತು. ಆದರೆ ಸೋಪಾನಪಟದಲ್ಲಿ ಒಂದು ಕೊರತೆಯಿದೆ. ಪಾಪದ ಮನೆಗೆ ನಮ್ಮನ್ನು ಕೊಂಡೊಯ್ಯುವುದು ಕವಡೆ; ಪುಣ್ಯದ ಮನೆಗೆ ಒಯ್ಯುವುದೂ ಕವಡೆಯೇ. ಅಲ್ಲಿ ಕರ್ಮದ ಫಲವುಂಟು, ಕರ್ತೃವಿಲ್ಲ. ಹಾವು ನುಂಗಿದವನು ದುರದೃಷ್ಟವೆಂದು ನಗಬಹುದು, ಪಶ್ಚಾತ್ತಾಪಪಡಲಾರನು. ಆರಿಸಿದವನಿಗೆ ಮಾತ್ರ ಪಶ್ಚಾತ್ತಾಪ. ಹೊಸ ಆಟಗಳಲ್ಲಿ ಕೆಲವು ಈ ಕೊರತೆಯನ್ನು ತುಂಬಿವೆ.

ಇನ್ನೊಂದು ಉದಾಹರಣೆಯನ್ನು ಹೇಳುವೆವು. ಲ್ಯೂಕಸ್ ಪೋಪ್ ಎಂಬಾತನು 2013ರಲ್ಲಿ ಹೊರಡಿಸಿದ ‘ಪೇಪರ್ಸ್, ಪ್ಲೀಸ್’ ಎಂಬ ಆಟದಲ್ಲಿ ಆಡುವವನು ಒಂದು ಕಲ್ಪಿತ ದೇಶದ ಗಡಿಯಲ್ಲಿ ಕುಳಿತ ಗುಮಾಸ್ತ. ಬಂದವರ ಕಾಗದಗಳನ್ನು ತಾಳೆನೋಡಿ ಮೊಹರು ಒತ್ತುವುದು ಕೆಲಸ. ಎಷ್ಟು ಜನರ ಕಾಗದ ನೋಡಿದರೆ ಅಷ್ಟು ಸಂಬಳ. ಆ ಸಂಬಳದಲ್ಲಿ ಬಾಡಿಗೆ, ಅನ್ನ, ಸೌದೆ, ಮನೆಯವರ ಔಷಧ ಎಲ್ಲವೂ ಆಗಬೇಕು. ಒಬ್ಬನು ಬರುತ್ತಾನೆ, ಕಾಗದಗಳು ಸರಿಯಾಗಿವೆ. ಹಿಂದೆಯೇ ನನ್ನ ಹೆಂಡತಿ ಬರುತ್ತಾಳೆ, ದಯೆಯಿರಲಿ, ಎಂದು ಹೇಳಿಹೋಗುತ್ತಾನೆ. ಹೆಂಡತಿಯ ಬಳಿ ಪ್ರವೇಶದ ಅನುಮತಿಪತ್ರವಿಲ್ಲ. ಬಿಟ್ಟರೆ ಮೇಲಿನವರ ಎಚ್ಚರಿಕೆ. ತಪ್ಪುಗಳು ಹೆಚ್ಚಿದರೆ ಸಂಬಳದಲ್ಲಿ ದಂಡ. ದಂಡವಾದರೆ ಮನೆಯ ಮಗುವಿಗೆ ಔಷಧವಿಲ್ಲ. ತಡೆದರೆ ಗಂಡಹೆಂಡಿರು ಅಗಲಿದಂತೆ. ತಾಲ್ಲೂಕು ಕಚೇರಿಯ ಕಿಟಕಿಯ ಎರಡೂ ಬದಿಗಳನ್ನು ಬಲ್ಲ ನಮ್ಮ ಜನರಿಗೆ ಈ ಆಟದ ಅರ್ಥವನ್ನು ಹೇಳಬೇಕಾಗಿಲ್ಲ. ಕಿಟಕಿಯೊಳಗೆ ಕುಳಿತವನಿಗೂ ಒಂದು ಹೊಟ್ಟೆಯಿದೆಯೆಂದು ಹೊರಗಿನವನಿಗೂ, ಹೊರಗೆ ನಿಂತವಳಿಗೂ ಒಂದು ಹೃದಯವಿದೆಯೆಂದು ಒಳಗಿನವನಿಗೂ ಇದು ತಿಳಿಸುತ್ತದೆ. ನಮ್ಮ ದೇಶದಲ್ಲಿಯೂ ಇಂಥ ಪ್ರಯತ್ನವಾಗಿಲ್ಲವೆಂದಲ್ಲ. ಕಲ್ಕತ್ತೆಯ ಕಲಾವಿದೆ ಲೀನಾ ಕೇಜ್ರಿವಾಲ್ ಅವರು 2016ರಲ್ಲಿ ಹೊರತಂದ ‘ಮಿಸ್ಸಿಂಗ್’ ಎಂಬ ಆಟವು, ಮಾರಾಟಕ್ಕೆ ಸಿಕ್ಕಿದ ಹುಡುಗಿಯ ಸ್ಥಾನದಲ್ಲಿ ಆಡುವವನನ್ನು ನಿಲ್ಲಿಸಿ, ಮುಂದೇನು ಮಾಡುವೆ ಎಂದು ಕೇಳುತ್ತದೆ.

ಇದರಿಂದ ಎಲ್ಲ ಆಟಗಳೂ ಸದ್ಗ್ರಂಥಗಳೆಂದು ನಾವು ಸಾರುತ್ತೇವೆಂದು ಯಾರೂ ಭಾವಿಸಕೂಡದು. ಹಣವೊಡ್ಡುವ ಆಟಗಳಿಂದ ಮಂಡ್ಯದ ಸೀಮೆಯಲ್ಲಿಯೂ ಮನೆಗಳು ಹಾಳಾಗಿರುವುದನ್ನು ಬಲ್ಲೆವು. ಅವನ್ನು ತಡೆಯಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿತು; 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಪಡಿಸಿತು; 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಧರ್ಮರಾಯನು ಪಗಡೆಯ ಹಾಸಿನ ಮೇಲೆ ರಾಜ್ಯವನ್ನೂ ತಮ್ಮಂದಿರನ್ನೂ ಪತ್ನಿಯನ್ನೂ ಒಡ್ಡಿದ ದೇಶದಲ್ಲಿ ಇಂಥ ಕಾಯಿದೆಯ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಾಯಿದೆಯು ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಹಣವುಂಟೋ ಇಲ್ಲವೋ. ಮನೆಯಲ್ಲಿ ಹಿರಿಯರು ಕೇಳಬೇಕಾದುದು ಮತ್ತೊಂದುಂಟು: ಈ ಆಟದಲ್ಲಿ ಎದುರಿಗಿರುವವನು ಮನುಷ್ಯನೋ, ಬರಿಯ ಗುರಿಯೋ? ಆಡಿದವನು ಆಟ ಮುಗಿಸಿ ಎದ್ದಾಗ ಸ್ವಲ್ಪ ಮೆತ್ತಗಾಗಿದ್ದಾನೋ, ಗಟ್ಟಿಯಾಗಿದ್ದಾನೋ?

ಪಶ್ಚಾತ್ತಾಪವೂ ಒಂದು ವಿನೋದವಾಗಿಬಿಡಬಹುದೆಂಬ ಆಕ್ಷೇಪವನ್ನೂ ಒಪ್ಪುತ್ತೇವೆ. ಆಟವನ್ನು ಅಳಿಸಿ ಮೊದಲಿನಿಂದ ಹೂಡಬಹುದು, ಬಾಳನ್ನು ಹೂಡಲಾಗದು. ಪರದೆಯ ಮುದುಕನಿಗಾಗಿ ಅತ್ತು, ಪಕ್ಕದ ಮನೆಯ ಮುದುಕನಿಗೆ ಒಂದು ಲೋಟ ನೀರನ್ನು ಕೊಡದವನ ಕಣ್ಣೀರಿಗೆ ಬೆಲೆಯಿಲ್ಲ. ಅಲ್ಲದೆ, ಇಂಥ ಆಟಗಳು ಎಳೆಯ ಮಕ್ಕಳಿಗೆ ತಕ್ಕವಲ್ಲ; ನಾವು ಮೇಲೆ ಹೇಳಿದ ಯುದ್ಧದ ಆಟಕ್ಕೆ ಯೂರೋಪಿನಲ್ಲಿ ಹದಿನೆಂಟರ ಮಿತಿಯನ್ನು ಹಾಕಿದ್ದಾರೆ. ಆದುದರಿಂದಲೇ ಹಿರಿಯರು ಪಕ್ಕದಲ್ಲಿ ಕುಳಿತಿರಬೇಕು. ಹರಿಶ್ಚಂದ್ರನ ಕಥೆಯನ್ನು ಮಗುವಿಗೆ ಒಬ್ಬಂಟಿಯಾಗಿ ಯಾರು ಬಿಟ್ಟುಕೊಟ್ಟರು? ಅಜ್ಜಿಯ ತೊಡೆಯ ಮೇಲೆ ಅದನ್ನು ಕೇಳಿದೆವು. ಅತ್ತಾಗ ಸೆರಗಿನಿಂದ ಕಣ್ಣೊರಸುವವರಿದ್ದರು. ಇಂದಿನ ಹುಡುಗನು ಹಿತ್ತಲ ಜಗಲಿಯ ಕತ್ತಲೆಯಲ್ಲಿ ಒಬ್ಬನೇ ಅಳುತ್ತಿದ್ದಾನೆ. ತಪ್ಪು ಆಟದ್ದಲ್ಲ, ಜೊತೆಯಿಲ್ಲದ ನಮ್ಮದು.

ಪೋಲೆಂಡಿನ ಸರ್ಕಾರವು 2020ರಲ್ಲಿ ಇದೇ ಆಟವನ್ನು ಮೇಲ್ತರಗತಿಯ ವಿದ್ಯಾರ್ಥಿಗಳಿಗೆ ಶಿಫಾರಸು ಮಾಡುವ ಪಾಠಸಾಮಗ್ರಿಯಲ್ಲಿ ಸೇರಿಸಿತು. ಒಂದು ಶತಮಾನಕ್ಕೂ ಮೀರಿ ಪರರಾಜ್ಯಗಳಲ್ಲಿ ಹಂಚಿಹೋಗಿದ್ದ ಜನಾಂಗವದು. ತನ್ನ ಸಂಕಟವನ್ನು ತನ್ನ ಮಕ್ಕಳಿಗೆ ತಿಳಿಸಲು ಯಾವ ಸಾಧನವನ್ನೂ ಅದು ಹೀನವೆಂದು ಎಣಿಸಲಿಲ್ಲ. ನಮ್ಮಲ್ಲಿ ಕೈಚಳಕಕ್ಕೆ ಕೊರತೆಯೆ? ಬೆಂಗಳೂರಿನಲ್ಲಿ 1997ರಲ್ಲಿಯೇ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಆರಂಭವಾಗಿ, ವಿದೇಶದ ಪ್ರಸಿದ್ಧ ಆಟಗಳಿಗೆ ಚಿತ್ರಕಾರ್ಯವನ್ನು ಮಾಡಿಕೊಟ್ಟಿತು. 2019ರಲ್ಲಿ ಅದು ರಾಕ್‌ಸ್ಟಾರ್ ಎಂಬ ವಿದೇಶೀ ಸಂಸ್ಥೆಯ ಪಾಲಾಯಿತು. ಈ ಉದ್ಯಮಕ್ಕಾಗಿ 2012ರಲ್ಲಿ ದೇಶದಲ್ಲೇ ಮೊದಲು ಒಂದು ನೀತಿಯನ್ನು ಪ್ರಕಟಿಸಿದುದು ಕರ್ನಾಟಕ ಸರ್ಕಾರ. ಅಂದರೆ ಕನ್ನಡನಾಡಿನ ಹುಡುಗರು ಪರರ ಆಟಗಳಿಗೆ ಗೋಡೆಯನ್ನೂ ಮರವನ್ನೂ ಬಂದೂಕವನ್ನೂ ಬರೆದುಕೊಡುತ್ತಿದ್ದಾರೆ. ನೂಲುವವರು ನಾವು, ಬಟ್ಟೆ ಪರರದು. ಈ ಮಾತನ್ನು ದೇಶವು ಒಮ್ಮೆ ಚೆನ್ನಾಗಿ ಅರಿತಿತ್ತು.

ನಮ್ಮ ನೆಲದಲ್ಲಿ ಕೇಳಬೇಕಾದ ಪ್ರಶ್ನೆಗಳಿಲ್ಲವೆ? ಹನಕೆರೆಯಿಂದ ಪೂರ್ವಕ್ಕೆ ಹೊರಟರೆ ಮದ್ದೂರಿನ ಬಳಿ ಶಿವಪುರ ಸಿಕ್ಕುತ್ತದೆ. 1938ರ ಏಪ್ರಿಲಿನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದಾಗ, ರಾಷ್ಟ್ರಧ್ವಜವನ್ನು ಏರಿಸಕೂಡದೆಂದು ಸರ್ಕಾರದ ಆಜ್ಞೆಯಿತ್ತು, ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರು ಏರಿಸಿ ಸೆರೆಯಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಈ ಚರಿತ್ರೆಯನ್ನು ನಮ್ಮ ಮಕ್ಕಳು ಎರಡು ಅಂಕದ ಪ್ರಶ್ನೆಯಾಗಿ ಓದುತ್ತಾರೆ. ಆದರೆ ಆ ದಿನ ಜಾತ್ರೆಗೆ ಬಂದಂತೆ ಬಂದಿದ್ದ ಒಬ್ಬ ಒಕ್ಕಲಿನವನು, ಸೆರೆಯಾದರೆ ಮನೆಯ ಎತ್ತಿಗೆ ಹುಲ್ಲು ಹಾಕುವವರಾರು ಎಂದು ಯೋಚಿಸಿರಲಾರನೆ? ಲಾಠಿ ಹಿಡಿದು ನಿಂತ ಪೇದೆಯೂ ಇದೇ ಸೀಮೆಯ ರೈತನ ಮಗನಲ್ಲವೆ? 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರಿನಿಂದ ಮಂಡ್ಯವು ಹಸುರಾಯಿತು. ಅದೇ ನೀರಿನಲ್ಲಿ ಹಳೆಯ ಕನ್ನಂಬಾಡಿಯೂ ಅದರ ಜೊತೆಯ ಹಳ್ಳಿಗಳೂ ಮುಳುಗಿದುವು. ಮುಳುಗುವ ಮನೆಯ ಬಾಗಿಲನ್ನು ಕೊನೆಯ ಸಲ ಎಳೆದುಕೊಂಡವಳ ಸ್ಥಾನದಲ್ಲಿ ಇಂದಿನ ಹುಡುಗನನ್ನು ಒಂದು ಗಂಟೆ ನಿಲ್ಲಿಸುವ ಕನ್ನಡದ ಆಟವೊಂದಿದ್ದರೆ, ತಾನು ಉಣ್ಣುವ ಅನ್ನದ ಬೆಲೆ ಅವನಿಗೆ ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ತಿಳಿದೀತು.

ಹನಕೆರೆಯ ಮಾತಿಗೆ ಮರಳಿ ಲೇಖನವನ್ನು ಮುಗಿಸುತ್ತೇವೆ. ಅಂದು ಬೆಳಗ್ಗೆ ನಾವು ಔಷಧವನ್ನು ಕದ್ದು, ಬೇರೆ ದಾರಿಯಿರಲಿಲ್ಲ ಎಂದಾಗ, ಹುಡುಗನ ತಾತ ಹಿಂದೆ ನಿಂತು ಕೇಳುತ್ತಿದ್ದರು. ಮೊಬೈಲನ್ನು ಎಂದೂ ಮುಟ್ಟದವರು. ಏನದು ಎಂದು ಕೇಳಿ, ಮೊಮ್ಮಗನ ಬಾಯಿಂದ ಎಲ್ಲವನ್ನೂ ಹೇಳಿಸಿಕೊಂಡರು. ಬಹಳ ಹೊತ್ತು ಸುಮ್ಮನಿದ್ದು, ಎಷ್ಟೋ ವರ್ಷದ ಹಿಂದಿನ ಒಂದು ಬರಗಾಲದ ಸಂಗತಿಯನ್ನು ಎತ್ತಿದರು. ನಾಲೆಯಲ್ಲಿ ಕಟ್ಟು ನೀರು. ಸರದಿ ಕೊನೆಯ ಭಾಗದವರದು. ತಮ್ಮ ಗದ್ದೆಯ ಪೈರು ತೆನೆಗಟ್ಟುವ ಹೊತ್ತು. ಮಗಳ ಮದುವೆಯ ಸಾಲ ಬೇರೆ. ರಾತ್ರಿ ಹೋಗಿ ತೂಬನ್ನು ತಮ್ಮ ಕಡೆಗೆ ತಿರುಗಿಸಿದರಂತೆ. ತಮ್ಮ ಪೈರು ಉಳಿಯಿತು, ಕೆಳಗಿನ ಒಬ್ಬನ ಗದ್ದೆ ಒಣಗಿತು. “ಬೇರೆ ದಾರಿಯಿರಲಿಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಇವನು ನಿನ್ನೆ ಅತ್ತ, ನಾನು ಅಳಲೇ ಇಲ್ಲ” ಎಂದರು. ಆ ಮನೆಯಲ್ಲಿ ಅದನ್ನು ಮೊದಲ ಸಲ ಕೇಳಿದವರು ಮಗ, ಮೊಮ್ಮಗ, ಮತ್ತು ನಾವು.

ಒಣಗಿದ ಗದ್ದೆಯವನು ಈಗ ಬದುಕಿಲ್ಲ. ಅವನ ಮಗನು ಮದುವೆಗೆ ಬಂದಿದ್ದನು. ಮಧ್ಯಾಹ್ನದ ಪಂಕ್ತಿಯಲ್ಲಿ ಹಿರಿಯರು ಕೋಲೂರಿಕೊಂಡು ಎದ್ದುಹೋಗಿ, ಅವನ ಎಲೆಯ ಮುಂದೆ ನಿಂತು ಏನನ್ನೋ ಹೇಳಿದರು. ಗದ್ದಲದಲ್ಲಿ ನಮಗದು ಕೇಳಿಸಲಿಲ್ಲ. ಅವನು ಉಣ್ಣುವುದನ್ನು ನಿಲ್ಲಿಸಿ, ಎಡಗೈಯಿಂದ ಅವರ ಕೈಯನ್ನು ಹಿಡಿದುಕೊಂಡುದನ್ನು ಮಾತ್ರ ಕಂಡೆವು.

ಮೊಬೈಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕೆಂದು ಆ ಮನೆಯವರಿಗೆ ನಾವು ಕೊಟ್ಟ ಸಲಹೆಯನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇವೆ.